ಅಜ್ಜನ ಮುಖದ ಚುಕ್ಕಿ ಲೆಕ್ಕ

ಎಷ್ಟೋ ಮನೆಗಳಲ್ಲಿ ತೀರಿಕೊಂಡ ಅಜ್ಜನ ಗುರುತಿಗೆ ಉಳಿದಿರೋದು ಹಳೇ ಪೇಪರಿನ ತುಣುಕು. ಕಣ್ಣಿಗೆ ಹತ್ತಿರ ಹಿಡಿದರೆ ಅಜ್ಜ ಮಾಯ, ಬರೀ ಚುಕ್ಕಿ! ಇದೇ ಹಾಫ್‌ಟೋನ್. ಮಸಿ ಒಂದೇ ಕಪ್ಪು. ದಪ್ಪ ಚುಕ್ಕಿ ನೆರಳು, ಸಣ್ಣ ಚುಕ್ಕಿ ಬೆಳಕು. ಬೆರೆಸೋದು ನೋಡುವವರ ಕಣ್ಣು. 1880ರ ಮಾರ್ಚ್ 4ರಂದೇ ನ್ಯೂಯಾರ್ಕಿನ 'ಡೈಲಿ ಗ್ರಾಫಿಕ್' ಪತ್ರಿಕೆ ಬಡವರ ಗುಡಿಸಲುಗಳ ಫೋಟೋವನ್ನು ಹಾಫ್‌ಟೋನ್‌ನಲ್ಲಿ ಅಚ್ಚು ಹಾಕಿತ್ತು.

ಇಂಥ ತುಣುಕನ್ನು ಸ್ಕ್ಯಾನ್ ಮಾಡಿದರೆ ಕಂಪ್ಯೂಟರ್ ಚುಕ್ಕಿ ಕರಗಿಸುತ್ತೆ. ಹೇಗಂತೀರಾ? ಒಂದು ಬಿಂದು, ಸುತ್ತಲಿನ 8 ಬಿಂದು. ಒಟ್ಟು 9ರ ಸರಾಸರಿ ತೆಗೆದು ನಡುವಿನದಕ್ಕೆ ಕೊಡೋದು. ಚಿತ್ರದ ತುಂಬ ಹೀಗೇ. ಇದು ಕನ್ವಲ್ಯೂಷನ್ ಅನ್ನೋ ಲೆಕ್ಕದ ಮೊದಲ ಪಾಠ. ಆದರೆ ಚುಕ್ಕಿಯ ಜತೆ ಹಣೆಯ ಗೆರೆಯೂ ಮಸುಕಾಗುತ್ತೆ. ಅಚ್ಚಿನಲ್ಲಿ ಇಲ್ಲದ್ದನ್ನು ಸರಾಸರಿ ತಂದುಕೊಡದು. ಯಾವುದಾದರೂ ಯಂತ್ರ ಹೊಸ ಗೆರೆ ಎಳೆದು ಮುಖ ತಿದ್ದಿದರೆ ಚೆಂದ ಕಂಡೀತು. ಆ ಮುಖ ಮಾತ್ರ ಅಜ್ಜನದಲ್ಲ!