ತರಗತಿಯೊಳಗೊಂದು ಪುಟ್ಟ ಪೇಟೆ: ಮಕ್ಕಳಿಗೆ ಜಮಾ-ಖರ್ಚು ಕಲಿಸುವ ಬಗೆ

ಬಡ್ಡಿ, ಲಾಭ-ನಷ್ಟದ ಲೆಕ್ಕಗಳನ್ನು ಮಕ್ಕಳು ಶಾಲೆಯಲ್ಲಿ ಮಾಡುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಆದರೆ ಕೈಗೆ ಬಂದ ಹಣವನ್ನು ತಿಂಗಳ ಕೊನೆಯವರೆಗೆ ಸಾಗಿಸುವುದು ಹೇಗೆಂಬುದು ಆ ಲೆಕ್ಕಗಳಲ್ಲಿ ಬರುವುದಿಲ್ಲ. ಮೊದಲ ಸಂಬಳ ಬಂದಾಗ ಮಾಡುವ ತಪ್ಪಿಗೆ ನಿಜವಾದ ಹಣವನ್ನೇ ತೆರಬೇಕು. ಸಾಲವೂ ಬೆನ್ನು ಹತ್ತಬಹುದು. ಅದೇ ತಪ್ಪನ್ನು ಹತ್ತು-ಹನ್ನೆರಡರ ವಯಸ್ಸಿನಲ್ಲಿ, ಕಾಗದದ ಹಣದಲ್ಲಿ ಮಾಡಿ ತಿದ್ದಿಕೊಳ್ಳಲಿ ಎಂಬುದೇ ‘ಕ್ಲಾಸ್‌ರೂಮ್ ಎಕಾನಮಿ’ ಪದ್ಧತಿಯ ಉದ್ದೇಶ. ಅಮೆರಿಕದ ಅನೇಕ ಶಾಲೆಗಳಲ್ಲಿ ಇದು ಬಳಕೆಯಲ್ಲಿದೆ. ಅಲ್ಲಿನ ಹೂಡಿಕೆ ಸಂಸ್ಥೆ ವ್ಯಾನ್‌ಗಾರ್ಡ್ ಇದಕ್ಕೆ ಬೇಕಾದ ಪಾಠಸಾಮಗ್ರಿಯನ್ನು ಶಿಕ್ಷಕರಿಗೆ ಉಚಿತವಾಗಿ ಒದಗಿಸಿದೆ.

ನಮ್ಮ ಶಾಲೆಗಳಲ್ಲಿ ನಡೆಯುವ ‘ಮಕ್ಕಳ ಸಂತೆ’ ಎಲ್ಲರಿಗೂ ಗೊತ್ತು. ಮಕ್ಕಳು ಸೊಪ್ಪು, ತರಕಾರಿ, ತಿಂಡಿ ತಂದು ಮಾರಿ, ತೂಕ ಮತ್ತು ಚಿಲ್ಲರೆ ಲೆಕ್ಕ ಕಲಿಯುತ್ತಾರೆ. ಅದು ಒಂದು ದಿನದ ವ್ಯಾಪಾರ. ಉಳಿತಾಯದ ಅಭ್ಯಾಸಕ್ಕೆ ಒಂದು ದಿನ ಸಾಲದು, ತಿಂಗಳುಗಳೇ ಬೇಕು.

ನಡೆಸುವ ಕ್ರಮ

ಪ್ರತಿ ಮಗುವಿಗೂ ತರಗತಿಯಲ್ಲಿ ಒಂದು ಕೆಲಸ ಇರುತ್ತದೆ: ಕಪ್ಪು ಹಲಗೆ ಒರೆಸುವುದು, ಗಿಡಗಳಿಗೆ ನೀರು ಹಾಕುವುದು, ಪುಸ್ತಕ ಹಂಚುವುದು, ಲೆಕ್ಕ ಬರೆಯುವುದು. ಉದಾಹರಣೆಗೆ, ವಾರಕ್ಕೆ 100 ‘ತರಗತಿ ರೂಪಾಯಿ’ ಸಂಬಳ ಎಂದಿಟ್ಟುಕೊಳ್ಳೋಣ. ನಾಲ್ಕು ವಾರಕ್ಕೆ 400 ಆಯಿತು. ತಿಂಗಳ ಕೊನೆಗೆ ಕೂರುವ ಜಾಗಕ್ಕೆ 250 ಬಾಡಿಗೆ ಕಟ್ಟಬೇಕು. ಪೆನ್ಸಿಲ್, ಸ್ಟಿಕ್ಕರ್, ಕಥೆ ಆರಿಸುವ ಅವಕಾಶ ಮುಂತಾದವು ಶುಕ್ರವಾರದ ಅಂಗಡಿಯಲ್ಲಿ ಸಿಗುತ್ತವೆ.

ಪಾಠ ಇರುವುದು ಈ ಬಾಡಿಗೆಯಲ್ಲೇ. ವಾರಕ್ಕೆ 60ರಂತೆ ಖರ್ಚು ಮಾಡಿದ ಮಗುವಿನ ಕೈಯಲ್ಲಿ ತಿಂಗಳ ಕೊನೆಗೆ 160 ಮಾತ್ರ ಇರುತ್ತದೆ. ಬಾಡಿಗೆಗೆ 90 ಕಡಿಮೆ. ವಾರಕ್ಕೆ 25ರಂತೆ ಖರ್ಚು ಮಾಡಿದ ಮಗುವಿಗೆ ಬಾಡಿಗೆ ಕಟ್ಟಿಯೂ 50 ಉಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನೂರು ಸಲ ಹೇಳಿದರೂ ತಟ್ಟದ್ದು ಇಲ್ಲಿ ಒಂದೇ ತಿಂಗಳಲ್ಲಿ ತಟ್ಟುತ್ತದೆ.

ಲೆಕ್ಕ ಬರೆಯುವುದು ಕಡ್ಡಾಯ

ಪ್ರತಿ ಮಗುವೂ ಒಂದು ಪುಟ್ಟ ಕಿರ್ದಿ ಪುಸ್ತಕ ಇಡಬೇಕು. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಶಿಲ್ಕು. ಪುಸ್ತಕದ ಶಿಲ್ಕೂ ಕೈಯಲ್ಲಿರುವ ಹಣವೂ ವಾರಕ್ಕೊಮ್ಮೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಬೈಯುವುದು ಬೇಡ. ತಪ್ಪು ಎಲ್ಲಾಗಿದೆ ಎಂದು ಮಗುವೇ ಹುಡುಕಲಿ.

ಉಳಿಸಿದ ಹಣಕ್ಕೆ ಶಿಕ್ಷಕರ ‘ಬ್ಯಾಂಕ್’ ತಿಂಗಳಿಗೆ ನೂರಕ್ಕೆ 10ರಂತೆ ಬಡ್ಡಿ ಕೊಡಬಹುದು. ಜಾಗವನ್ನು 750ಕ್ಕೆ ಕೊಂಡವರಿಗೆ ಮುಂದೆ ಬಾಡಿಗೆಯೇ ಇಲ್ಲ ಎಂಬ ನಿಯಮವನ್ನೂ ಇಡಬಹುದು. ತಿಂಗಳಿಗೆ 100 ಉಳಿಸುವ ಮಗು ಬಡ್ಡಿ ಇಲ್ಲದಿದ್ದರೆ ಇದಕ್ಕೆ 8 ತಿಂಗಳು ಕಾಯಬೇಕು. ಚಕ್ರಬಡ್ಡಿ ಸೇರಿದರೆ ಆರನೇ ತಿಂಗಳ ಕೊನೆಗೇ 771 ಆಗಿರುತ್ತದೆ. ಆದರೆ ನಿಜವಾದ ಬಡ್ಡಿ ಇಷ್ಟಿಲ್ಲ, ಅಂಚೆ ಕಚೇರಿಯ ಉಳಿತಾಯ ಖಾತೆಗೆ ವರ್ಷಕ್ಕೆ ನೂರಕ್ಕೆ 4 ಮಾತ್ರ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ತಿಂಗಳಿಗೆ ನೂರಕ್ಕೆ ಹತ್ತು ಕೊಡುತ್ತೇವೆ ಎನ್ನುವವರನ್ನು ಹೊರಗಿನ ಪ್ರಪಂಚದಲ್ಲಿ ನಂಬಬಾರದು ಎಂಬುದೂ ಪಾಠದ ಭಾಗವೇ.

ಎಚ್ಚರ ವಹಿಸಬೇಕಾದ ವಿಷಯಗಳು

ಈ ಆಟ ಮಕ್ಕಳ ಮನಸ್ಸು ನೋಯಿಸಲೂಬಹುದು. ಆದ್ದರಿಂದ ಕೆಲವು ನಿಯಮಗಳನ್ನು ಮೀರಬಾರದು.

- ಮನೆಯ ಹಣ ಇದರೊಳಗೆ ಬರಲೇಬಾರದು. ಎಲ್ಲರ ಗಳಿಕೆಯೂ ತರಗತಿಯ ಕೆಲಸದಿಂದಲೇ ಆಗಬೇಕು.
- ನೀರು, ಶೌಚಾಲಯ, ಬಿಸಿಯೂಟ, ಪಠ್ಯಪುಸ್ತಕ, ಆಟದ ಸಮಯ – ಇವುಗಳಿಗೆ ಬೆಲೆ ಕಟ್ಟಬಾರದು.
- ಮಗುವಿನ ಕೈಯಲ್ಲಿಲ್ಲದ ವಿಷಯಕ್ಕೆ ದಂಡ ಹಾಕಬಾರದು. ಸಮವಸ್ತ್ರ ಹರಿದಿರುವುದು, ಬಸ್ ತಡವಾಗಿ ಬಂದದ್ದು ಮಗುವಿನ ತಪ್ಪಲ್ಲ.
- ಬಾಡಿಗೆ ಕಟ್ಟಲಾಗದ ಮಗುವನ್ನು ನಿಲ್ಲಿಸಬಾರದು, ಹೆಸರನ್ನು ಹಲಗೆಯ ಮೇಲೆ ಬರೆಯಬಾರದು. ಹೆಚ್ಚಿನ ಕೆಲಸ ಕೊಟ್ಟು ಬಾಕಿ ತೀರಿಸಲು ದಾರಿ ಮಾಡಿಕೊಡಬೇಕು.
- ಯಾರ ಬಳಿ ಎಷ್ಟಿದೆ ಎಂಬುದು ಮಗುವಿಗೂ ಶಿಕ್ಷಕರಿಗೂ ಮಾತ್ರ ಗೊತ್ತಿರಲಿ.

ಗೆಳೆಯನಿಗೆ ಸಹಾಯ ಮಾಡುವುದನ್ನೂ ಕೂಲಿಯ ಪಟ್ಟಿಗೆ ಸೇರಿಸಬಾರದು. ಎಲ್ಲಕ್ಕೂ ಹಣ ಸಿಗುತ್ತದೆ ಎಂದಾದರೆ, ಹಣವಿಲ್ಲದೆ ಯಾವುದನ್ನೂ ಮಾಡದ ಮಕ್ಕಳನ್ನು ಬೆಳೆಸಿದಂತಾಗುತ್ತದೆ. ಬದಲಿಗೆ, ಇಷ್ಟವಿದ್ದವರು ತಮ್ಮ ಉಳಿತಾಯದಿಂದ ಹಾಕಲು ಒಂದು ದಾನದ ಡಬ್ಬಿ ಇರಲಿ. ಆ ಹಣದಿಂದ ಇಡೀ ತರಗತಿಗೆ ಒಂದು ಪುಸ್ತಕ ಬರಲಿ.

ಆಟದಿಂದ ಖಾತೆಗೆ

ಒಂದು ವರ್ಷ ಹೀಗೆ ಲೆಕ್ಕ ಬರೆದ ಮಗುವಿಗೆ ನಿಜವಾದ ಖಾತೆ ತೆರೆಯಬಹುದು. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆಯಂತೆ, 10 ವರ್ಷ ತುಂಬಿದ ಮಕ್ಕಳು ಬ್ಯಾಂಕ್ ನಿಗದಿಪಡಿಸಿದ ಮಿತಿಯೊಳಗೆ ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು. ಅಂಚೆ ಕಚೇರಿಯಲ್ಲಿ ಕನಿಷ್ಠ 500 ರೂಪಾಯಿಗೆ ಖಾತೆ ತೆರೆಯಬಹುದು.

ಖಾತೆ ಮಾಡಿಸಿದ ಮೇಲೆ ಪಾಸ್‌ಬುಕ್ಕನ್ನು ಪೋಷಕರು ಬೀರುವಿನಲ್ಲಿ ಇಡಬಾರದು. ಅದು ಮಗುವಿನ ಕೈಯಲ್ಲೇ ಇರಲಿ. ಹಬ್ಬಕ್ಕೆ ಹಿರಿಯರು ಕೊಟ್ಟ ಹಣದಲ್ಲಿ ಎಷ್ಟು ಖರ್ಚು, ಎಷ್ಟು ಉಳಿಕೆ ಎಂಬುದನ್ನು ಮಗುವೇ ತೀರ್ಮಾನಿಸಿ ಬರೆಯಲಿ.