ಎಂಎಸ್ ಔಷಧಿ ಮತ್ತು ಶಿಲೀಂಧ್ರ ಸೋಂಕು

ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್, ಕಾಯಿಲೆಯಲ್ಲಿ ದೇಹವನ್ನು ಕಾಯಬೇಕಾದ ಲಿಂಫೋಸೈಟ್‌ಗಳೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮಯಲಿನ್ ಹೊದಿಕೆಯನ್ನು ಹಾಳುಗೆಡವುತ್ತವೆ. ಅದರ ಹೊಸ ಔಷಧಿಗಳಲ್ಲಿ ಹೆಚ್ಚಿನವು ಈ ಬಿಳಿ ರಕ್ತಕಣಗಳಿಗೆ ಲಗಾಮು ಹಾಕುವಂಥವು. ಆರೋಗ್ಯವಂತರಲ್ಲಿ ತಲೆಯೆತ್ತದ ಶಿಲೀಂಧ್ರಗಳಿಗೆ ಆಗ ದಾರಿ ಸಿಗುತ್ತದೆ. ಅಪಾಯ ಎಲ್ಲ ಔಷಧಿಗಳಲ್ಲೂ ಒಂದೇ ಅಲ್ಲ. ಇಂಟರ್‌ಫೆರಾನ್ ಬೀಟಾ, ಗ್ಲಾಟಿರಾಮರ್‌ನಂಥ ಹಳೆಯ ಚುಚ್ಚುಮದ್ದುಗಳಲ್ಲಿ ಈ ಚಿಂತೆ ತೀರಾ ಕಡಿಮೆ. ಅಲೆಮ್ಟುಜುಮ್ಯಾಬ್ ಪಡೆದವರಲ್ಲಿ ಬಾಯಿ ಮತ್ತು ಯೋನಿಯ ಕ್ಯಾಂಡಿಡಾ ಸೋಂಕು ಹೆಚ್ಚು. ಅದು ಸಾಮಾನ್ಯವಾಗಿ ಚಿಕಿತ್ಸೆಗೆ ಬೇಗ ಬಗ್ಗುತ್ತದೆ. ಫಿಂಗೊಲಿಮಾಡ್‌ನ ವಿಷಯ ಬೇರೆ.

2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫಿಂಗೊಲಿಮಾಡ್, ಕಾಯಿಲೆಯ ಗತಿ ಬದಲಿಸುವ ಎಂಎಸ್ ಔಷಧಿಗಳಲ್ಲಿ ಅಲ್ಲಿಗೆ ಬಂದ ಮೊದಲ ನುಂಗುವ ಮದ್ದು. ಇದು ಲಿಂಫೋಸೈಟ್‌ಗಳನ್ನು ಕೊಲ್ಲುವುದಿಲ್ಲ, ದುಗ್ಧಗ್ರಂಥಿಗಳಿಂದ ಹೊರಬರದಂತೆ ಕೂಡಿಹಾಕುತ್ತದೆ. ರಕ್ತದಲ್ಲಿ ಅವುಗಳ ಸಂಖ್ಯೆ ಮೊದಲಿದ್ದುದರ ಶೇ. 20ರಿಂದ 30ಕ್ಕೆ ಇಳಿಯುತ್ತದೆ. ಈ ಔಷಧಿಯ ಮೂಲವೂ ಶಿಲೀಂಧ್ರವೇ ಎಂಬುದು ವಿಚಿತ್ರ: ಕೀಟಗಳ ಮೇಲೆ ಬೆಳೆಯುವ ಇಸಾರಿಯಾ ಸಿಂಕ್ಲೇರಿಯಲ್ಲಿ ಸಿಕ್ಕ ಮಿರಿಯೋಸಿನ್ ಎಂಬ ರಾಸಾಯನಿಕವನ್ನು ಮಾರ್ಪಡಿಸಿ ಜಪಾನಿನ ಸಂಶೋಧಕರು ಇದನ್ನು ರೂಪಿಸಿದರು.

ಇಲ್ಲಿ ಮುಖ್ಯ ಎದುರಾಳಿ ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್ ಎಂಬ ಯೀಸ್ಟ್. ಪಾರಿವಾಳದ ಹಿಕ್ಕೆಯಲ್ಲೂ ಮಣ್ಣಿನಲ್ಲೂ ಇದು ಬದುಕುತ್ತದೆ. ಧೂಳಿನೊಂದಿಗೆ ಉಸಿರಿಗೆ ಸೇರಿ ಶ್ವಾಸಕೋಶ ಹೊಗುತ್ತದೆ. ಬಹುತೇಕರಲ್ಲಿ ಅಲ್ಲಿಯೇ ಅಡಗುತ್ತದೆ. ಲಿಂಫೋಸೈಟ್‌ಗಳದೇ ಒಂದು ಬಗೆಯಾದ ಟಿ-ಕಣಗಳ ಕಾವಲು ಸಡಿಲವಾದರೆ ರಕ್ತದ ಮೂಲಕ ಮಿದುಳಿನ ಪೊರೆಗಳಿಗೆ ಹಬ್ಬಿ ಮೆನಿಂಜೈಟಿಸ್ ತರುತ್ತದೆ. ಫಿಂಗೊಲಿಮಾಡ್ ಸೇವಿಸುವವರಲ್ಲೂ ಇದು ಅಪರೂಪ, ಆದರೆ ಸಾವಿನವರೆಗೂ ಒಯ್ಯಬಲ್ಲದು. ವರದಿಯಾದ ಪ್ರಕರಣಗಳಲ್ಲಿ ಹೆಚ್ಚಿನವು ಸುಮಾರು ಎರಡು ವರ್ಷ ಚಿಕಿತ್ಸೆ ನಡೆದ ಮೇಲೆ ಕಂಡಂಥವು. ಔಷಧಿ ಒಗ್ಗಿತು ಎಂದು ರೋಗಿಯೂ ವೈದ್ಯರೂ ನಿರಾಳರಾಗಿರುವ ಹೊತ್ತು ಅದು.

ತೊಡಕು ಇರುವುದು ರೋಗ ಗುರುತಿಸುವುದರಲ್ಲಿ. ವಾರಗಟ್ಟಲೆ ಬಿಡದ ತಲೆನೋವು, ಸಣ್ಣ ಜ್ವರ, ದೃಷ್ಟಿ ಮಂಜಾಗುವುದು, ಮಂಕು, ತಡವರಿಸುವ ನಡಿಗೆ. ಇವುಗಳಲ್ಲಿ ಹಲವು ಎಂಎಸ್ ಮರುಕಳಿಸಿದಾಗಲೂ ಕಾಣುವಂಥವೇ. ಕುತ್ತಿಗೆ ಬಿಗಿತ ಎಲ್ಲರಲ್ಲೂ ಇರುವುದಿಲ್ಲ. ಮರುಕಳಿಕೆ ಎಂದುಕೊಂಡು ಹೆಚ್ಚು ಪ್ರಮಾಣದ ಸ್ಟೆರಾಯ್ಡ್ ಕೊಟ್ಟರೆ ಉಳಿದಿದ್ದ ಪ್ರತಿರೋಧವೂ ಕುಗ್ಗಿ ಯೀಸ್ಟ್ ಇನ್ನಷ್ಟು ಹಬ್ಬುತ್ತದೆ. ಆದ್ದರಿಂದ ಜ್ವರ ಅಥವಾ ಹೊಸ ಬಗೆಯ ತಲೆನೋವು ಜೊತೆಗಿದ್ದರೆ ಸ್ಟೆರಾಯ್ಡ್‌ಗಿಂತ ಮೊದಲು ಬೆನ್ನುಹುರಿಯ ನೀರಿನ ಪರೀಕ್ಷೆ ಆಗಬೇಕು. ಕ್ರಿಪ್ಟೊಕಾಕಸ್ ಪ್ರತಿಜನಕ ಪರೀಕ್ಷೆ ರಕ್ತದಲ್ಲೂ ಆ ನೀರಿನಲ್ಲೂ ಸೋಂಕನ್ನು ಬೇಗ ತೋರಿಸುತ್ತದೆ. ರಕ್ತದ ಲಿಂಫೋಸೈಟ್ ಎಣಿಕೆಯೊಂದನ್ನೇ ನಂಬಿ ಅಪಾಯವಿಲ್ಲ ಎನ್ನಲಾಗದು.

ಸೋಂಕು ಖಚಿತವಾದರೆ ಫಿಂಗೊಲಿಮಾಡ್ ನಿಲ್ಲಿಸುತ್ತಾರೆ. ಆಂಫೊಟೆರಿಸಿನ್ ಬಿ ಮತ್ತು ಫ್ಲೂಸೈಟೊಸಿನ್‌ನಿಂದ ಆರಂಭಿಸಿ, ಬಳಿಕ ತಿಂಗಳುಗಟ್ಟಲೆ ಫ್ಲುಕೊನಜೋಲ್ ಕೊಡುತ್ತಾರೆ. ತಲೆಯೊಳಗಿನ ಒತ್ತಡ ಏರಿದ್ದರೆ ಬೆನ್ನಿನಿಂದ ನೀರು ತೆಗೆಯುವುದನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಫಿಂಗೊಲಿಮಾಡ್ ನಿಲ್ಲಿಸಿದ ಒಂದೆರಡು ತಿಂಗಳಲ್ಲಿ ಲಿಂಫೋಸೈಟ್‌ಗಳು ರಕ್ತಕ್ಕೆ ಮರಳುತ್ತವೆ. ಆಗ ಎರಡು ಕಷ್ಟ ಎದುರಾಗಬಹುದು: ಎಂಎಸ್ ಮೊದಲಿಗಿಂತ ಜೋರಾಗಿ ಕೆರಳುವುದು, ಇಲ್ಲವೇ ಮರಳಿದ ಕಣಗಳು ಯೀಸ್ಟ್ ಮೇಲೆ ಎರಗಿ ಉರಿಯೂತ ಹೆಚ್ಚುವುದು. ಮುಂದಿನ ಎಂಎಸ್ ಔಷಧಿಯ ಆಯ್ಕೆಯೂ ಸುಲಭವಲ್ಲ. ಫಿಂಗೊಲಿಮಾಡ್ ಬಳಗದ್ದೇ ಆದ ಸಿಪೊನಿಮಾಡ್ ಅನ್ನು ಫ್ಲುಕೊನಜೋಲ್ ಜೊತೆ ಕೊಡುವಂತಿಲ್ಲ. ಫ್ಲುಕೊನಜೋಲ್ ಯಕೃತ್ತಿನ ಕಿಣ್ವಗಳನ್ನು ತಡೆಯುವುದರಿಂದ ರಕ್ತದಲ್ಲಿ ಸಿಪೊನಿಮಾಡ್ ಮಟ್ಟ ಏರುತ್ತದೆ.