ಶಿಷ್ಯನೆಂಬುದು ಕೀಳು ಹೆಸರಲ್ಲ



ಒಡೆಯ ಎಂಬುದಕ್ಕೆ ವಿರುದ್ಧ ಪದ ಆಳು, ಯಜಮಾನ ಎಂಬುದಕ್ಕೆ ಸೇವಕ, ಗುರು ಎಂಬುದಕ್ಕೆ ಶಿಷ್ಯ ಎಂದು ಮಕ್ಕಳು ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ಮೇಲ್ನೋಟಕ್ಕೆ ಇದು ಸರಿಯೆ. ಆದರೆ ಈ ಜೋಡಿಗಳೆಲ್ಲ ಒಂದೇ ತೆರನಾದವಲ್ಲ. ಈ ಭೇದ ತಿಳಿಯದಿದ್ದರೆ ಕಲಿಯಲು ಬಂದವನನ್ನು ನಾವು ಆಳೆಂದು ಭಾವಿಸುತ್ತೇವೆ; ಅವನೂ ಕಲಿಯುವುದು ತನಗೆ ಅವಮಾನವೆಂದು ತಿಳಿಯುತ್ತಾನೆ.

ಒಡೆತನವು ಹಂಚಿದರೆ ಕಡಿಮೆಯಾಗುವಂಥದು. ಹೊಲದ ಒಡೆಯನು ಅರ್ಧ ಹೊಲ ಕೊಟ್ಟರೆ ಅವನಿಗೆ ಉಳಿಯುವುದು ಅರ್ಧವೆ. ಆದುದರಿಂದ ಆಳು ಆಳಾಗಿಯೇ ಇರಲೆಂದು ಅವನು ಬಯಸುತ್ತಾನೆ. ಗುರುವಿನ ಅರಿವು ಕೊಟ್ಟರೆ ಕರಗುವುದಿಲ್ಲ. ಶಿಷ್ಯನು ತನ್ನಂತೆ ಆಗಲಿ, ತನ್ನನ್ನು ಮೀರಲಿ ಎಂಬುದೇ ಗುರುವಿನ ಹಂಬಲ. ಶಿಷ್ಯ ಎಂದರೆ ಬೋಧೆಗೆ ತಕ್ಕವನು. ವಿದ್ಯಾರ್ಥಿ ಎಂದರೆ ವಿದ್ಯೆಯನ್ನು ಬಯಸುವವನು. ಈ ಎರಡೂ ಮಾತುಗಳಲ್ಲಿ ಕೀಳೆಂಬ ಅರ್ಥವೆಲ್ಲಿದೆ? ಇನ್ನು ನಮ್ಮ ಕನ್ನಡದ ಆಳು ಎಂಬ ಶಬ್ದವನ್ನೇ ನೋಡಿರಿ. ಆಳು ಎಂದರೆ ಸೇವಕ. ಆಳು ಎಂದರೆ ರಾಜ್ಯವನ್ನು ಆಳು ಎಂದೂ ಆಗುತ್ತದೆ. ಆಳಾಗಿ ದುಡಿ, ಅರಸನಾಗಿ ಉಣ್ಣು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಚಿದ್ರಿಯ ಭಕ್ತರಿಗೆ ದೂರದ ದೃಷ್ಟಾಂತ ಬೇಡ. ಬೀದರಿನ ಬಿದ್ರಿ ಕೆಲಸವಿದೆ. ಅಲ್ಲಿ ಕಲಿಸುವವನು ಉಸ್ತಾದ, ಕಲಿಯುವವನು ಶಾಗಿರ್ದ. ಸತು ತಾಮ್ರಗಳನ್ನು ಕರಗಿಸಿ ಎರಕ ಹೊಯ್ಯುವುದು, ಉಳಿಯಿಂದ ಚಿತ್ತಾರ ಕೆತ್ತುವುದು, ಅದರಲ್ಲಿ ಬೆಳ್ಳಿ ಕೂಡಿಸುವುದು, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವುದು, ಇವೆಲ್ಲ ಕೈಯಿಂದ ಕೈಗೆ ಬಂದ ವಿದ್ಯೆ. ೨೦೦೬ರಲ್ಲಿ ಈ ಕಸುಬಿಗೆ ಬೀದರಿನ ಹೆಸರಿನ ಭೌಗೋಳಿಕ ಗುರುತು ದೊರೆಯಿತು. ಆದರೆ ಗುರುತಿನ ಪತ್ರವು ಉಳಿ ಹಿಡಿಯಲಾರದು. ಇಂದಿನ ಶಾಗಿರ್ದನು ನಾಳೆ ಉಸ್ತಾದನಾದರೆ ಮಾತ್ರ ಕಸುಬು ಉಳಿದೀತು. ಕಲಿಯಲು ಬಂದ ಹುಡುಗನನ್ನು ಕಸ ಹೊಡೆಯಲು, ಚಹಾ ತರಲು ಮಾತ್ರ ಹಚ್ಚಿದರೆ ಉಸ್ತಾದನ ಸಂಗಡವೇ ವಿದ್ಯೆಯೂ ಮಣ್ಣು ಸೇರುತ್ತದೆ. ಇದು ಒಕ್ಕಲುತನಕ್ಕೂ ಅಂಗಡಿಗೂ ಮಠಕ್ಕೂ ಸಲ್ಲುವ ಮಾತು.

ಕಲ್ಯಾಣದ ಶರಣರು ಇದನ್ನು ನಡೆದು ತೋರಿದರು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿ, ಸಾವಿರಾರು ಜನರಿಂದ ಗುರುವೆನಿಸಿಕೊಂಡವರು. ಅಂಥವರು ಕಲ್ಯಾಣಕ್ಕೆ ಬಂದು, ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅಲ್ಲಮಪ್ರಭುಗಳು, ಚೆನ್ನಬಸವಣ್ಣನವರು ಏರಿದ ಶೂನ್ಯಪೀಠವನ್ನು ಅವರ ತರುವಾಯ ಏರಿದವರು ಇದೇ ಸಿದ್ಧರಾಮರೆಂಬುದು ಪರಂಪರೆ. ಶಿಷ್ಯತ್ವದಿಂದ ಅವರ ಹಿರಿತನ ಕುಂದಲಿಲ್ಲ, ಹೆಚ್ಚಿತು. ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನವರು ತಮ್ಮನ್ನು ಶರಣರ ಕಿಂಕರನೆಂದು ಕರೆದುಕೊಂಡರು. ಆದರೆ ಕಿಂಕರನೆಂಬ ಆ ಹೆಸರನ್ನು ತಾನಾಗಿ ಹೊತ್ತರೆ ಭಕ್ತಿ, ಪರರ ತಲೆಯ ಮೇಲೆ ಹೇರಿದರೆ ದಬ್ಬಾಳಿಕೆ. ಈ ಎರಡನ್ನೂ ಒಂದೆಂದು ತಿಳಿಯಬಾರದು.

ಹಾಗಾದರೆ ಗುರುತನಕ್ಕೆ ವಿರುದ್ಧವಾದುದು ಯಾವುದು? ನನಗೆಲ್ಲ ಬಂದಿದೆ, ಇನ್ನು ಕಲಿಯುವುದೇನೂ ಇಲ್ಲವೆಂಬ ಅಹಂಕಾರವೆ ಅದು. ಅದು ಶಿಷ್ಯನಲ್ಲಿ ಹೊಕ್ಕರೆ ಕಲಿಕೆ ನಿಲ್ಲುತ್ತದೆ, ಗುರುವಿನಲ್ಲಿ ಹೊಕ್ಕರೆ ಗುರುತನವೇ ನಿಲ್ಲುತ್ತದೆ. ನಿಮ್ಮ ಮನೆಗೆ, ನಿಮ್ಮ ಕಾಯಕಕ್ಕೆ ಕಲಿಯಲು ಬಂದವರನ್ನು ಹೆಸರು ಹಿಡಿದು ಪ್ರೀತಿಯಿಂದ ಕರೆಯಿರಿ. ಬಲ್ಲುದನ್ನು ಬಚ್ಚಿಡದೆ ಕಲಿಸಿರಿ. ಅದೂ ಒಂದು ದಾಸೋಹವೆ.